ಎರಡು ತುಟಿಯ ವಿದ್ಯೆ

ನ್ಯೂಯಾರ್ಕಿನ ಹಾರ್ಲೆಮ್ಮಿನ ಡ್ಯಾನ್ಸ್ ಹಾಲಿನಲ್ಲಿ ಹದಿನಾಲ್ಕು ಜನರ ಬ್ಯಾಂಡು ಭೋರ್ಗರೆಯುವಾಗ ಎವಾರಿಸ್ತ್ ಕ್ಲಾರಿನೆಟ್ ಹಿಡಿದು ಎದ್ದು ನಿಂತರೆ ಸಾಕು, ಕುಣಿಯುವವರು ಕುಣಿತ ಬಿಟ್ಟು ವೇದಿಕೆಗೆ ಮುತ್ತಿಕೊಳ್ಳುತ್ತಿದ್ದರು. ಅವನ ಹೆಂಡತಿ ಒಡೀಲ್‌ಗೆ ಗಂಡನ ಕೊಬ್ಬೂ ಗೊತ್ತಿತ್ತು, ಆ ಕೊಬ್ಬಿಗೆ ಅವನು ತಕ್ಕವನೆಂಬುದೂ ಗೊತ್ತಿತ್ತು.

ಅಂಥವನ ಮೇಲಿನ ಎರಡು ಮುಂದಿನ ಹಲ್ಲುಗಳು, ಬ್ಯಾಂಡಿನ ಬಸ್ಸು ಗಕ್ಕನೆ ನಿಂತಾಗ ಮುಂದಿನ ಸೀಟಿನ ಕಂಬಿಗೆ ಬಡಿದು ಉದುರಿಹೋದವು. ಕ್ಲಾರಿನೆಟ್ಟಿನ ಬಾಯಿಗಿಡುವ ಬಿಡಿ ತುದಿಯನ್ನು ಮೇಲಿನ ಹಲ್ಲಿನಿಂದ ಅದುಮಿ ಹಿಡಿದು ನುಡಿಸುವವನು ಅವನು. ಕಟ್ಟಿಸಿಕೊಂಡ ಹಲ್ಲು ಊದಿದಾಗಲೆಲ್ಲ ಅಲ್ಲಾಡಿ, ಸ್ವರ ಕೀರಲಾಗುತ್ತಿತ್ತು. ಬ್ಯಾಂಡಿನ ನಾಯಕ ವೇಡ್ ಮೂರು ತಿಂಗಳು ಕಾದ.

"ಶುಕ್ರವಾರ ಪ್ರಾಕ್ಟೀಸಿಗೆ ಬಾ. ಊದೋಕಾಗ್ಲಿಲ್ಲ ಅಂದ್ರೆ ನಿನ್ ಕುರ್ಚೀಲಿ ಬೇರೆಯವನ್ನ ಕೂರಿಸ್ಬೇಕಾಗತ್ತೆ ಕಣಪ್ಪ" ಅಂದ ಕೊನೆಗೆ.

ಸೋಮವಾರ ಒಡೀಲ್ ಎಂದಿನಂತೆ ಕೆಂಪು ಕಾಳು, ಅನ್ನ ಬಡಿಸಿದಳು. ಹುಟ್ಟೂರು ನ್ಯೂ ಆರ್ಲಿಯನ್ಸ್ ಬಿಟ್ಟು ಬಂದರೂ ಅಲ್ಲಿನ ಸೋಮವಾರದ ಊಟ ಬಿಟ್ಟಿರಲಿಲ್ಲ. ಎವಾರಿಸ್ತ್ ತಟ್ಟೆ ಮುಟ್ಟಲಿಲ್ಲ.

"ನಮ್ಮಪ್ಪನ ಬಾಯಲ್ಲಿ ಎಷ್ಟು ಹಲ್ಲಿದ್ವು?" ಎಂದಳು.

"ಈಗ್ಯಾಕೆ ಆ ಮಾತು?"

"ಒಂದೂ ಇರ್ಲಿಲ್ಲ. ಆದ್ರೂ ಸಾಯೋ ವರ್ಷದ ತನಕ ಊದ್ತಿದ್ದ."

ಅವಳ ಅಪ್ಪ ನ್ಯೂಮಾ ಸಿಗಾರ್ ಸುತ್ತುವವನು, ಎವಾರಿಸ್ತ್‌ನ ಗುರುವೂ ಅವನೇ. ಎರಡೂ ತುಟಿಗಳನ್ನು ಹಲ್ಲಿನ ಮೇಲೆ ಮಡಚಿಯೇ ಊದಬೇಕು, ಹಲ್ಲು ತಾಗಲೇಬಾರದು ಎಂಬುದು ಅವನ ಕಟ್ಟಪ್ಪಣೆ. ಪಾಠ ಮುಗಿದ ಮೇಲೆ ಕ್ಲಾರಿನೆಟ್ಟಿನ ತುದಿಯನ್ನು ಹೆಬ್ಬೆರಳಿಂದ ಸವರುತ್ತಿದ್ದ. ಹಲ್ಲಿನ ಗುರುತು ಸಿಕ್ಕಿದರೆ ತಲೆಗೆ ಮೊಟಕುತ್ತಿದ್ದ. ನ್ಯೂಯಾರ್ಕಿಗೆ ಬಂದ ಎವಾರಿಸ್ತ್ ಜೋರು ದನಿಗಾಗಿ ಆ ವಿದ್ಯೆ ಬಿಟ್ಟ. ಮದುವೆಗೆಂದು ಊರಿಗೆ ಹೋದವನು ಆ ದಿನವೇ ಎಲ್ಲರೆದುರು, "ಅದು ಮುದುಕ್ರು ಊದೋ ರೀತಿ" ಎಂದು ನಕ್ಕ. ನ್ಯೂಮಾ ಊಟ ಮಾಡದೆ ಎದ್ದುಹೋಗಿದ್ದ.

"ಯಾವ ಮುಖ ಇಟ್ಕೊಂಡು ಈಗ ಹಂಗೆ ಊದ್ಲಿ?"

"ಇರೋದೊಂದೇ ಮುಖ. ಅದನ್ನೇ ಇಟ್ಕೊಂಡು ಊದು."

ಅಪ್ಪನದೆಂದು ಹೊಲಿಗೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ತುದಿಯನ್ನು ಅವನ ಮುಂದಿಟ್ಟಳು. ನಲವತ್ತು ವರ್ಷ ಊದಿದ್ದರೂ ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಅದನ್ನೇ ಕ್ಲಾರಿನೆಟ್ಟಿಗೆ ಸಿಕ್ಕಿಸಿ ನಾಲ್ಕು ದಿನ ತುಟಿ ನಡುಗುವವರೆಗೂ ಊದಿದ. ಪಾಠ ಕೇಳುತ್ತಲೇ ಬೆಳೆದ ಒಡೀಲ್ ಎದುರಿಗೆ ಕುಳಿತು, "ಕಚ್ತಿದೀಯ, ಕಳ್ಳ! ತುಟಿ ಒಳಗೆ!" ಎಂದು ಗದರಿದಳು.

ಶುಕ್ರವಾರ ಅವಳೂ ಜೊತೆಗೆ ಹೋದಳು. ಅವನು ಎದ್ದು ನಿಂತು ಊದಿದರೆ ಟ್ರಂಪೆಟ್ಟುಗಳ ನಡುವೆ ಏನೂ ಕೇಳಿಸಲಿಲ್ಲ. ವೇಡ್ ಆಗದೆಂದು ತಲೆಯಾಡಿಸಿದ.

"ಇನ್ನೊಂದ್ಸಲ," ಎಂದ ಎವಾರಿಸ್ತ್. "ಇವ್ರನ್ನ ಸ್ವಲ್ಪ ತಗ್ಗಿಸು."

ಟ್ರಂಪೆಟ್ಟಿನವರು ಸದ್ದು ತಗ್ಗಲೆಂದು ತಮ್ಮ ವಾದ್ಯಗಳ ಬಾಯಿಗೆ ಟೋಪಿ ಅಡ್ಡ ಹಿಡಿದರು. ಡ್ರಮ್ಮಿನವನು ಕೋಲು ಬಿಟ್ಟು, ಮೆಲ್ಲಗೆ ಬಾರಿಸುವ ತಂತಿಯ ಕುಂಚ ತೆಗೆದುಕೊಂಡ. ಆಗ ಕೇಳಿಸಿತು: ಮೊದಲಿನ ಕಿರಿಚಾಟವಿಲ್ಲ, ಅವಸರವಿಲ್ಲ, ಮನುಷ್ಯನೇ ಹತ್ತಿರ ಕೂತು ಮಾತಾಡಿದ ಹಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಮುಗಿದ ಮೇಲೂ ಟ್ರಂಪೆಟ್ಟಿನವರು ಟೋಪಿ ಇಳಿಸಲಿಲ್ಲ.

"ಕುರ್ಚಿ ನಿಂದೇ ಕಣಯ್ಯ," ಎಂದ ವೇಡ್. "ಈ ಹೊಸ ವಿದ್ಯೆ ಯಾರು ಕಲಿಸಿದ್ದು?"

"ಹೊಸದಲ್ಲ. ನನ್ನ ಮಾವ ನ್ಯೂಮಾ ಕಲಿಸಿದ್ದು. ಅದನ್ನ ಬಿಟ್ಟ ದಡ್ಡ ನಾನು."

ಅಷ್ಟು ಜನರೆದುರು ಹಾಗಂದು, ತುದಿಯನ್ನು ಬಿಚ್ಚಿ ಒರೆಸಿ ಒಡೀಲ್‌ಳತ್ತ ಚಾಚಿದ. ಅವಳು ಅಪ್ಪನ ಹಾಗೆಯೇ ಹೆಬ್ಬೆರಳಿಂದ ಸವರಿದಳು, ಒಮ್ಮೆ, ಮತ್ತೊಮ್ಮೆ.

"ಗುರುತಿಲ್ಲ," ಎಂದಳು. "ಈಗ ಮನೆಗೆ ನಡಿ, ಊಟ ಮಾಡು."