ಬಿಸಿಲುಕೋಣೆಯಲ್ಲೊಂದು ಕೊಪ್ಪರಿಗೆ

ಹನ್ನೊಂದು ದಿನವಾದರೂ ಬಲಮನೆಯ ದೋನ್ ಇಪೋಲಿತೊ ಸಹಿ ಹಾಕಲಿಲ್ಲ. ಮಿಗ್ದಾಲಿಯಾ ತನ್ನ ಜಗಲಿಗೆ ಗಾಜಿನ ಗೋಡೆ ಹಾಕಿಸಲು ಕೊಟ್ಟಿದ್ದ ಒಪ್ಪಿಗೆಯ ಕಾಗದ ಆತನ ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಅಡಿಯಲ್ಲಿ ಬಿದ್ದುಕೊಂಡಿತ್ತು. ಆಗಲ್ಲ ಅಂತಲಾದರೂ ಬಾಯಿಬಿಟ್ಟು ಹೇಳಬೇಕೋ ಬೇಡವೋ? ಅದೂ ಇಲ್ಲ. ಬೆಳಿಗ್ಗೆ ಬೇಲಿಯ ಹತ್ತಿರ ಸಿಕ್ಕಾಗ ಟೋಪಿ ಎತ್ತಿ ನಗುವುದು, ಮಿಗ್ದಾಲಿಯಾ ಕಾಗದದ ಮಾತೆತ್ತಿದ ಕೂಡಲೇ ಒಂದು ಹೊಸ ನೆಪ ತೆಗೆಯುವುದು.

ಮೊದಲ ನೆಪ ಮಾವಿನ ಮರದ್ದು. "ನನ್ನ ಮರದ ಕಾಯಿ ನಿನ್ನ ಗಾಜಿನ ಮೇಲೆ ಬಿದ್ರೆ ಯಾರಮ್ಮ ಹೊಣೆ?" ಎರಡನೆಯದು ಗಾಳಿಯದು. "ಬಿರುಗಾಳಿ ನಿನ್ನ ಹೊಸ ಗೋಡೆಗೆ ಬಡಿದು ವಾಪಸ್ ನನ್ನ ಸೂರಿಗೇ ಬರುತ್ತೆ." ಮೂರನೆಯದಂತೂ ಕೇಳಲೇಬೇಡಿ. ಗಾಜಿಗೆ ಬಡಿದ ಬಿಸಿಲು ಹೊರಳಿ ಬಂದು ಆತನ ಹುಂಜದ ಕಣ್ಣು ಕುಕ್ಕುತ್ತದಂತೆ!

"ಹುಂಜಕ್ಕೊಂದು ಕಪ್ಪು ಕನ್ನಡಕ ಕೊಡಿಸ್ತೀನಿ ಅನ್ಬೇಕಿತ್ತು ಕಣೇ," ಎಂದು ಎಡಮನೆಯ ಪ್ರಿಸ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಕೇಳಿದ ದಿನವೇ ನಿಂತಲ್ಲೇ ಸಹಿ ಹಾಕಿದ್ದಳು. ಹಿಂದಿನ ಮನೆಯವರೂ ಹಾಕಿದ್ದರು.

ಕಾಗ್ವಾಸ್ ಊರಿನಾಚೆಯ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಗಟ್ಟಿ ಕಾಂಕ್ರೀಟು, ಮುಂದೆ ಕಾರಿಗೊಂದು ಸೂರು, ಹಿಂದೆ ತೆರೆದ ಜಗಲಿ. ಆ ಅಚ್ಚಿಗೆ ಒಂದು ಗೋಡೆ ಸೇರಿಸಬೇಕೆಂದರೂ ಗಡಿ ಹಂಚಿಕೊಂಡ ಮೂರು ಮನೆಯವರ ಸಹಿ ಬೇಕು. ಒಂದು ಕಮ್ಮಿಯಾದರೂ ಬಡಾವಣೆಯ ಸಂಘದವರು ಕಾಗದ ಮುಟ್ಟುವುದಿಲ್ಲ. ಸಂಘ ಸೇರುವುದೋ ಮೂರು ತಿಂಗಳಿಗೊಮ್ಮೆ. ಈ ಶನಿವಾರದ ಸಭೆ ತಪ್ಪಿದರೆ ಮುಂದಿನ ಸಭೆಯ ಹೊತ್ತಿಗೆ ಜೂನ್ ಬಂತು, ಜೂನ್ ಅಂದರೆ ಬಿರುಗಾಳಿಯ ಕಾಲ. ಗುತ್ತಿಗೆದಾರ ವಿಲ್ಮೆರ್ ಆಮೇಲೆ ಡಿಸೆಂಬರಿನವರೆಗೆ ಕೆಲಸಕ್ಕೆ ಕೈಹಾಕುವ ಆಸಾಮಿಯಲ್ಲ.

ಅಲ್ಲಿಯವರೆಗೆ ಕಾಯುವ ಸ್ಥಿತಿಯಲ್ಲಿ ಮಿಗ್ದಾಲಿಯಾ ಇರಲಿಲ್ಲ. ಮದುವಣಗಿತ್ತಿಯರ ಗೌನು ಹೊಲಿಯುವುದು ಅವಳ ಕಸುಬು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಇಪ್ಪತ್ತೆರಡು ವರ್ಷ ಹೊಲಿದಿದ್ದಳು. ಕಳೆದ ನವೆಂಬರಿನಲ್ಲಿ ಆಗಬಾರದ್ದು ಆಗಿಹೋಯಿತು. ಒಂದು ಗೌನಿನ ಬಲತೋಳು ಅಚ್ಚಬಿಳಿ, ಎಡತೋಳು ಕೆನೆಬಣ್ಣ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಂಡಿತ್ತು. ಚರ್ಚಿನ ಮೆಟ್ಟಿಲ ಮೇಲೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಹುಡುಗಿಯ ತಾಯಿ ಎಲ್ಲರಿಗೂ ಕೇಳುವಂತೆ, "ಇದೇನಮ್ಮಾ, ಎರಡು ಗೌನು ಸೇರಿಸಿ ಒಂದು ಹೊಲ್ದಿದ್ದೀಯಾ?" ಎಂದಳು. ಭೂಮಿ ಬಾಯ್ಬಿಟ್ಟಿದ್ದರೆ ಮಿಗ್ದಾಲಿಯಾ ಅಲ್ಲೇ ಇಳಿದುಬಿಡುತ್ತಿದ್ದಳು. ಕೆನೆಬಣ್ಣದ ತೋಳನ್ನು ಬಿಚ್ಚಿ ತಂದು ಪೆಟ್ಟಿಗೆಯ ತಳಕ್ಕೆ ತುರುಕಿದವಳು ಮತ್ತೆ ಅದರ ಮುಖ ನೋಡಿರಲಿಲ್ಲ.

ಕಣ್ಣಿಗೆ ವಯಸ್ಸಾಗಿದೆ, ಹಗಲ ಬೆಳಕಿನಲ್ಲಿ ಹೊಲಿದರೆ ಇನ್ನೂ ಹತ್ತು ವರ್ಷ ಹೊಲಿಯಬಹುದು ಎಂದರು ಡಾಕ್ಟರು. ಜಗಲಿಯಲ್ಲಿ ಬೆಳಕೇನೋ ಧಾರಾಳ. ಆದರೆ ಧೂಳು, ಹೇಳದೆ ಕೇಳದೆ ಬರುವ ಮಳೆ, ಪ್ರಿಸ್ಕಾಳ ಬೆಕ್ಕು. ಬಿಳಿ ಸ್ಯಾಟಿನ್ ಅಲ್ಲಿ ಒಂದು ಗಂಟೆ ಬಾಳುವುದಿಲ್ಲ. ಗಾಜು ಹಾಕಿಸಿ ಬಿಸಿಲುಕೋಣೆ ಮಾಡಿಕೊಂಡರೆ ಕಸುಬು ಉಳಿಯಿತು. ಇಲ್ಲವೆಂದರೆ ಸ್ಕೂಲು ಮಕ್ಕಳ ಪ್ಯಾಂಟಿನ ಅಂಚು ಮಡಿಚುತ್ತ ಕೂರಬೇಕು.

"ನೀನಾದ್ರೂ ಹೋಗಿ ಮಾತಾಡೋ," ಎಂದು ಗಂಡ ಎಲಿಯುದ್‌ಗೆ ಹೇಳಿದಳು.

"ನಾನಾ? ನಂಗೆ ಹರ್ನಿಯಾ ಇದೆಯಲ್ಲೇ."

"ಮಾತಾಡೋಕೂ ಹರ್ನಿಯಾ ಅಡ್ಡ ಬರುತ್ತಾ?"

ಎಲಿಯುದ್ ಕಾಫಿ ಲೋಟದೊಳಗೆ ಮುಖ ಹುದುಗಿಸಿದ. ಇಡೀ ದಿನ ಬಸ್ಸು ಓಡಿಸಿ ಊರವರ ಜೊತೆಗೆಲ್ಲ ಹರಟುವ ಮನುಷ್ಯ, ಪಕ್ಕದ ಮನೆ ಮುದುಕನ ಮುಂದೆ ಮಾತ್ರ ಬಾಯಿ ಬಿಡುವವನಲ್ಲ.

ಗುರುವಾರ ಮಧ್ಯಾಹ್ನ ವಿಲ್ಮೆರ್ ಬಂದು ಜಗಲಿಯ ಅಳತೆ ತೆಗೆಯುತ್ತಿದ್ದ. ಬಲಗಡೆಯ ಕಂಬವನ್ನು ಬೆರಳ ಗಂಟಿನಿಂದ ತಟ್ಟಿ, "ಇದು ಹೋಗುತ್ತಕ್ಕಾ. ಈ ಕೊಕ್ಕೆ, ಈ ಹಳೇ ಪಾತ್ರೆ ಎಲ್ಲಾ ತೆಗೆಸಿಬಿಡಿ," ಎಂದ.

"ಆ ಕಂಬ ಮುಟ್ಟಿದ್ರೆ ನೋಡು!"

ಇಬ್ಬರೂ ಬೆಚ್ಚಿಬಿದ್ದರು. ದೋನ್ ಇಪೋಲಿತೊ ಬೇಲಿಯ ಸಂದಿನಿಂದ ನುಸುಳಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡೋಡಿ ಬರುತ್ತಿದ್ದ. ಮಿಗ್ದಾಲಿಯಾಗೆ ಹನ್ನೊಂದು ದಿನದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು.

"ದೋನ್ ಇಪೋಲಿತೊ, ಸಾಕು! ಮಾವಿನಕಾಯಿ ಆಯ್ತು, ಗಾಳಿ ಆಯ್ತು, ಹುಂಜ ಆಯ್ತು, ಈಗ ನನ್ನ ಮನೆ ಕಂಬಾನಾ? ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಿ, ಗೊತ್ತಾ ನಿಮಗೆ? ಅದೇನು ಮನಸ್ಸಲ್ಲಿದೆಯೋ ಇವತ್ತು ಹೇಳಿಬಿಡಿ."

ಮುದುಕ ಏದುಸಿರು ಬಿಡುತ್ತ ಕಂಬ ಹಿಡಿದು ನಿಂತ. ಕೊಕ್ಕೆಗೆ ನೇತುಬಿದ್ದಿದ್ದ ಅಲ್ಯೂಮಿನಿಯಂ ಕೊಪ್ಪರಿಗೆಯ ಕಡೆ ಕೈ ತೋರಿಸಿದ. ಒಂದು ಮಗುವನ್ನು ಕೂರಿಸಿ ಮೀಯಿಸಬಹುದಾದಷ್ಟು ದೊಡ್ಡದು.

"ಕಾಗದದ ಜೊತೆ ಇದ್ದ ನಿನ್ನ ನಕ್ಷೆ ನೋಡ್ದೆ. ಮೇಜು ಇದೆ, ಮಿಷನ್ನಿದೆ, ಕನ್ನಡಿ ಇದೆ. ಇದನ್ನ ಎಲ್ಲಿಡ್ತೀಯಮ್ಮ?"

ಮಿಗ್ದಾಲಿಯಾ ಕೊಪ್ಪರಿಗೆಯ ಕಡೆ ತಿರುಗಿ ನೋಡಿದಳು.

ಮರಿಯಾ ಎಂಬ ಬಿರುಗಾಳಿ ಬಂದ ವರ್ಷ ಬಡಾವಣೆಗೆ ನಾಲ್ಕು ತಿಂಗಳು ಕರೆಂಟಿರಲಿಲ್ಲ. ಎಲ್ಲರ ಫ್ರಿಜ್ಜಿನ ಮಾಂಸ ಕೆಡುವ ಮೊದಲು ಬೇಯಿಸಬೇಕೆಂದು ಇದೇ ಜಗಲಿಯಲ್ಲಿ ಈ ಕೊಪ್ಪರಿಗೆಯನ್ನು ಒಲೆಗೇರಿಸಿದವಳು ಅವಳೇ. ಮೊದಲ ದಿನ ಏಳು ಜನ ಉಂಡರು. ವಾರ ಕಳೆಯುವಷ್ಟರಲ್ಲಿ ಹತ್ತೊಂಬತ್ತು. ತೊಗರಿಕಾಳಿನ ಅನ್ನ, ಉಪ್ಪುಮೀನು, ಬೇಯಿಸಿದ ಬಾಳೆಕಾಯಿ. ಅಲ್ಲಿಯವರೆಗೆ ಮದುವೆಮುಂಜಿಗೂ ಯಾರ ಮನೆ ಹೊಸಿಲು ತುಳಿಯದ ಈ ಒಂಟಿ ಆಸಾಮಿ ಮೂರನೇ ದಿನ ಗ್ಯಾಸ್ ಸಿಲಿಂಡರ್ ಹೊತ್ತು ತಂದು ಕೆಳಗಿಟ್ಟು, ಮಾತಿಲ್ಲದೆ ಮೂಲೆಯಲ್ಲಿ ನಿಂತಿದ್ದ. ಅವಳೇ ಕೈಗೆ ತಟ್ಟೆ ಕೊಟ್ಟಿದ್ದಳು. ಆಮೇಲೆ ಕೊಪ್ಪರಿಗೆ ಕೆರೆಯುವ ಹಕ್ಕು ಆತನದಾಯಿತು. ತಳದ ಗರಿಗರಿ ಸೀಕಲು ಅಂದರೆ ಮುದುಕನಿಗೆ ಪ್ರಾಣ.

"ಈಗ ಗಾಜು ಹಾಕ್ತೀಯಾ. ಗಾಜಿನ ಹಿಂದೆ ಏಸಿ ಬರುತ್ತೆ. ಏಸಿ ಬಂದ್ಮೇಲೆ ಬಾಗಿಲು ಹಾಕ್ಕೋತಾರೆ. ಮೂವತ್ತೊಂದು ವರ್ಷ ಊರಿಗೆಲ್ಲಾ ಕಿಟಕಿ ಜೋಡಿಸಿದೋನು ನಾನು, ನಂಗೊತ್ತಿಲ್ವಾ? ಮುಂದಿನ ಸಲ ಗಾಳಿ ಬಂದಾಗ ತಟ್ಟೆ ಹಿಡ್ಕೊಂಡು ನಾನು ಗಾಜು ತಟ್ತಾ ನಿಲ್ಬೇಕಾ?" ಆತ ಕೊಪ್ಪರಿಗೆಯ ಅಂಚು ಸವರಿದ. "ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ನಿನ್ನ ಕಣ್ಣಿನ ವಿಷಯ ಪ್ರಿಸ್ಕಾ ಹೇಳಿದ್ಲು. ಸಹಿ ಹಾಕೋಕೆ ಕೈ ಬರ್ಲಿಲ್ಲ."

ಥೂ, ಎಂಥವಳು ನಾನು! ಹನ್ನೊಂದು ದಿನ ಈ ಮನುಷ್ಯನನ್ನು ಹೊಟ್ಟೆಕಿಚ್ಚಿನವನು ಎಂದು ಬೈದುಕೊಂಡೆನಲ್ಲ ಎಂದು ಮಿಗ್ದಾಲಿಯಾಗೆ ನಾಚಿಕೆಯಾಯಿತು. ಆದರೂ ಕೋಣೆಯನ್ನು ಬಿಟ್ಟುಕೊಡಲು ಅವಳ ಮನಸ್ಸು ಒಪ್ಪಲಿಲ್ಲ. ಹೊಲಿಯುವವಳ ಕೈ ತಾನಾಗಿ ವಿಲ್ಮೆರನ ನಕ್ಷೆ ಎಳೆದುಕೊಂಡಿತು, ಕಿವಿಯ ಹಿಂದಿನ ಸೀಮೆಸುಣ್ಣದ ಚೂರು ತೆಗೆಯಿತು. ಮೈಗೆ ಬಿಗಿಯಾದ ಗೌನಿಗೂ ಬೆನ್ನಲ್ಲಿ ಒಂದು ಸೀಳು ಬಿಟ್ಟು ಕೊಂಡಿ ಇಡುತ್ತೇವಲ್ಲ, ಇಲ್ಲದಿದ್ದರೆ ತೊಡುವುದು ಹೇಗೆ?

"ವಿಲ್ಮೆರ್, ಇವರ ಮನೆ ಕಡೆ ಗೋಡೆ ಪೂರ್ತಿ ಮಡಚಿ ತೆಗೆಯೋ ಬಾಗಿಲಾಗ್ಲಿ. ಕಂಬ ಇರ್ಲಿ. ಕೊಕ್ಕೆನೂ ಇರ್ಲಿ."

ವಿಲ್ಮೆರ್ ಹರಳೆಣ್ಣೆ ಕುಡಿದವನ ಮುಖ ಮಾಡಿದ. "ಅಕ್ಕಾ, ಅಷ್ಟಗಲ ತೆರೆದ್ರೆ ಬಿರುಗಾಳಿಗೆ ನಿಲ್ಲಲ್ಲ. ಪ್ರತಿ ಸಲ ಗಾಜಿಗೆಲ್ಲಾ ಹೊರಗಿಂದ ಹದಿನಾಲ್ಕು ತಗಡು ಹಾಕ್ಬೇಕು, ಆಮೇಲೆ ತೆಗೀಬೇಕು. ಯಾರು ಮಾಡ್ತಾರೆ? ಎಲಿಯುದ್ ಅಣ್ಣನಾ?"

"ಅವನಿಗೆ ಹರ್ನಿಯಾ," ಎಂದು ಮಿಗ್ದಾಲಿಯಾ, ದೋನ್ ಇಪೋಲಿತೊ ಇಬ್ಬರೂ ಒಟ್ಟಿಗೆ ಹೇಳಿದರು. ಹೇಳಿ ಒಬ್ಬರ ಮುಖ ಒಬ್ಬರು ನೋಡಿದರು. ಮಿಗ್ದಾಲಿಯಾ ಮೊದಲು ನಕ್ಕಳು.

"ನಾನು ಹಾಕ್ತೀನಿ," ಎಂದ ಮುದುಕ. "ನಾನೇ ತೆಗೀತೀನಿ. ಬೇರೆ ಯಾರೂ ಕೈ ಹಾಕ್ಕೂಡ್ದು."

ಮನೆಗೆ ಓಡಿಹೋಗಿ ಕಾಗದ ತಂದ. ಪೆನ್ನನ್ನು ಎಷ್ಟು ಒತ್ತಿ ಸಹಿ ಮಾಡಿದನೆಂದರೆ ಕಾಗದ ಒಂದು ಕಡೆ ಹರಿದೇ ಹೋಯಿತು. ಸಂಘದವರು ಅದಕ್ಕೂ ಒಂದಿಷ್ಟು ಗೊಣಗಿ, ಕೊನೆಗೆ ಒಪ್ಪಿದರು.

ಮೇ ಮುಗಿಯುವಷ್ಟರಲ್ಲಿ ಕೋಣೆ ನಿಂತಿತು. ಬೆಳಿಗ್ಗೆ ಆರೂವರೆಗೆ ಬೆಳಕು ಮೇಜಿನ ತುದಿಗೆ ಬರುತ್ತಿತ್ತು, ಹತ್ತಕ್ಕೆ ನಡುವಿಗೆ. ಮೊದಲ ದಿನ ಮಿಗ್ದಾಲಿಯಾ ಏನೂ ಹೊಲಿಯದೆ ಸುಮ್ಮನೆ ಅಂಗೈ ಚಾಚಿ ಕೂತಿದ್ದಳು. ಕೊಪ್ಪರಿಗೆಯ ಮಸಿ ಬಿಳಿಬಟ್ಟೆಗೆ ತಾಗೀತೆಂದು ಅದಕ್ಕೊಂದು ಮುಸುಕು ಹೊಲಿದಳು. ಬಟ್ಟೆ ಬೇರೆ ಯಾವುದೂ ಅಲ್ಲ, ಪೆಟ್ಟಿಗೆಯ ತಳದಲ್ಲಿದ್ದ ಆ ಕೆನೆಬಣ್ಣದ ತೋಳು. ಸಾಲದ್ದಕ್ಕೆ ಅದೇ ಥಾನಿನ ಇನ್ನೊಂದು ತುಂಡು ಸೇರಿಸಿ, ಅಂಚಿಗೆ ಲೇಸು ಕೊಟ್ಟಳು. ಪ್ರಿಸ್ಕಾ ನೋಡಿ, "ಮದುಮಗಳು ರೆಡಿ, ಗಂಡು ಎಲ್ಲಿ ಅಂತ ದೋನ್ ಇಪೋಲಿತೊನ್ನೇ ಕೇಳ್ಬೇಕು," ಎಂದಳು. ಮುದುಕನ ಕಿವಿ ಕೆಂಪಾಯಿತು.

ಸೆಪ್ಟೆಂಬರಿನ ಎರಡನೇ ವಾರ ರೇಡಿಯೊ ಬಿರುಗಾಳಿಯ ಎಚ್ಚರಿಕೆ ಕೊಟ್ಟಿತು. ದೋನ್ ಇಪೋಲಿತೊ ತಗಡುಗಳ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಅಂಕಿ ಬರೆದಿಟ್ಟಿದ್ದ. ಎರಡೂವರೆ ಗಂಟೆಯಲ್ಲಿ ಅಷ್ಟನ್ನೂ ಬಿಗಿದು ಮುಗಿಸಿ ಕೈ ಕೊಡವಿಕೊಂಡ. ಎಲಿಯುದ್ ಪಕ್ಕದಲ್ಲಿ ನಿಂತು ನಟ್ಟು ಕೊಡುವ ಮಹಾ ಕೆಲಸ ಮಾಡಿದ.

ಗಾಳಿ ರಾತ್ರಿಯೆಲ್ಲ ಬೀಸಿ, ಬೆಳಗಾದ ಮೇಲೆ ತಗ್ಗಿತು. ಕರೆಂಟು ಹೋಗಿತ್ತು. ಮಿಗ್ದಾಲಿಯಾ ಗೋಡೆ ಸವರಿಕೊಂಡು ಬಿಸಿಲುಕೋಣೆಗೆ ಬಂದಳು. ಕೋಣೆ ಗಟ್ಟಿಯಾಗಿ ನಿಂತಿತ್ತು, ಆದರೆ ಒಳಗೆ ಕಗ್ಗತ್ತಲು. ಶನಿವಾರಕ್ಕೆ ಕೊಡಬೇಕಾದ ಗೌನು ಬೊಂಬೆಯ ಮೇಲಿತ್ತು. ಅಂಚಿನ ಮಣಿ ಕೆಲಸ ಇನ್ನೂ ಬಾಕಿ. ಕೈಗೆ ಎರಡು ನೂಲಿನುಂಡೆ ಸಿಕ್ಕಿದವು, ಒಂದು ಅಚ್ಚಬಿಳಿ, ಒಂದು ಕೆನೆಬಣ್ಣ. ಯಾವುದು ಯಾವುದೆಂದು ತಿಳಿಯಲಿಲ್ಲ. ನವೆಂಬರಿನ ಆ ಮೆಟ್ಟಿಲು ನೆನಪಾಯಿತು. ತಗಡು ತೆಗೆಯಬೇಕಾದವನು ದೋನ್ ಇಪೋಲಿತೊ. ಮಾವಿನ ಮರ ಬಿದ್ದು ಬೇಲಿಯ ಸಂದು ಮುಚ್ಚಿದ್ದರೆ? ಮುದುಕನಿಗೇ ಏನಾದರೂ ಆಗಿದ್ದರೆ?

ಅಷ್ಟರಲ್ಲಿ ಹೊರಗೆ ಕೀರ್ ಎಂದಿತು. ನಟ್ಟು ತಿರುಗುವ ಸದ್ದು.

ಮೊದಲ ತಗಡು ಕಳಚಿತು. ಗೇಣಗಲದ ಬೆಳಕು ಮೇಜಿನ ಮೇಲೆ ಬಿತ್ತು. ಎರಡನೆಯದು. ಮೂರನೆಯದು ಇಳಿದಾಗ ಮಿಗ್ದಾಲಿಯಾ ಅಂಗೈ ಎತ್ತಿ ನೋಡಿದಳು. ಬಲಗೈಯದು ಬಿಳಿ. ಎಡಗೈಯದು ಕೆನೆ. ಸ್ಪಷ್ಟವಾಗಿ ಕಾಣುತ್ತಿತ್ತು. ಬಿಳಿ ನೂಲನ್ನು ಮೊದಲನೇ ಸಲಕ್ಕೇ ಸೂಜಿಗೆ ಪೋಣಿಸಿದಳು.

ಹದಿನಾಲ್ಕನೆಯದು ಇಳಿಯಿತು. ಅವಳು ಬಾಗಿಲನ್ನು ಮಡಚಿ ತಳ್ಳಿದಳು, ಒದ್ದೆ ಗಾಳಿ ಒಳಗೆ ನುಗ್ಗಿತು. ದೋನ್ ಇಪೋಲಿತೊ ಕೆಸರುಗಾಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಸ್ಪ್ಯಾನರು, ಕಂಕುಳಲ್ಲಿ ತಟ್ಟೆ.

"ಕೊಪ್ಪರಿಗೆ ಇಳಿಸ್ಲಾ?" ಎಂದು ಕೇಳಿದ.

"ಮೊದ್ಲು ಕಾಲು ತೊಳ್ಕೊಳ್ಳಿ, ಸ್ಯಾಟಿನ್ ಇದೆ," ಎಂದಳು ಮಿಗ್ದಾಲಿಯಾ. ಕಣ್ಣು ಒರೆಸಿಕೊಂಡು, ಮದುಮಗಳ ಮುಸುಕನ್ನು ತಾನೇ ಬಿಚ್ಚಿದಳು. "ತೊಗರಿಕಾಳು ನೆನೆಸಿಟ್ಟಿದ್ದೀನಿ. ಪ್ರಿಸ್ಕಾನ್ನ ಕೂಗಿ. ಸೀಕಲು ಯಾರಿಗೂ ಕೊಡಲ್ಲ, ಅದು ನಿಮ್ದೇ."