ಉಳಿದ ಒಂದೂವರೆ ಸಾಲು

ಕೆಳಮನೆಯ ರೆಡ್ಡಿಯವರು ಪಾನಾ ಹಿಡಿದು ಮಷೀನಿನ ಚೌಕಟ್ಟಿನ ಮೊದಲ ನಟ್ಟನ್ನು ಅರ್ಧ ತಿರುವಿದ್ದರು. ಅಷ್ಟರಲ್ಲಿ ಸುಗಲಮ್ಮ ಓಡಿ ಬಂದು ಅದರ ಮೇಲೆ ಅಂಗೈ ಇಟ್ಟಳು.

"ಬಿಚ್ಚಬ್ಯಾಡ್ರಿ. ಇನ್ನ ಒಂದೂವರೆ ಸಾಲು ಉಳಿದೈತಿ."

"ಏನ್ ಮಾತಾಡ್ತಿ ನೀ?" ತೀರಿಕೊಂಡ ಗುಣವತಿಯ ಗಂಡನ ಅಕ್ಕ ಸುಭದ್ರಾ ಕೋಣೆಯೊಳಗಿಂದಲೇ ಅಂದಳು. "ಹೆಣ ಹೊರಗ ಹ್ಯಾಂಗ ತರೂದು? ಅದರ ಬುಡಕ ನುಸುಳಿಸಿ ತರೂದೇನು?"

ಮಾತು ಸುಳ್ಳಲ್ಲ. ಹನ್ನೆರಡು ಅಡಿಯ ಕಬ್ಬಿಣದ ಚೌಕಟ್ಟು ನಡುಮನೆಯ ಉದ್ದಕ್ಕೂ, ಮಲಗುವ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಅದರ ಮೇಲೆ ಕೌದಿ ಹೊಲಿಯುವ ಉದ್ದ ಕತ್ತಿನ ಮಷೀನು. ಲಿಂಗಂಪಲ್ಲಿಯ ಆ ಮೂರನೆಯ ಮಹಡಿಯಲ್ಲಿ ಎಂಟು ವರ್ಷ ಗುಣವತಿ ಅದರ ಹಿಡಿ ಹಿಡಿದು ಆಚೆಯಿಂದ ಈಚೆಗೆ ನಡೆದಿದ್ದಳು. ನಿನ್ನೆ ಸಂಜೆ ಹೊಲಿಯುತ್ತಿದ್ದವಳು ಎದೆ ಹಿಂಡುತ್ತದೆ ಎಂದು ಒಳಗೆ ಹೋಗಿ ಮಲಗಿದಳು. ಬೆಳಿಗ್ಗೆ ಏಳಲಿಲ್ಲ. ಹನ್ನೊಂದಕ್ಕೆ ಗಾಡಿ ಬರಬೇಕು. ಗಡಿಯಾರ ಹತ್ತು ದಾಟಿತ್ತು.

"ಬಿಚ್ಚಿದ್ರ ಕೌದಿ ಅರ್ಧಕ್ಕ ನಿಲ್ತೈತ್ರಿ, ಅಕ್ಕಾರ."

"ನಿಲ್ಲಲಿ. ನಮ್ಮ ಪದ್ಧತಿ ನಿನಗ ಗೊತ್ತೈತಿ. ಹೊಲಿಯಾಕಿ ಹೋದಳಂದ್ರ, ಬಾಯಿ ಮುಚ್ಚಲಾರದ ಕೌದಿ ಆಕಿ ಸಂಗಾಟನ ಬೆಂಕಿಗೆ ಹೋಗಬೇಕು. ಮನ್ಯಾಗ ಇಡಂಗಿಲ್ಲ, ಮಂದಿಗೆ ಕೊಡಂಗಿಲ್ಲ."

ಸುಗಲಮ್ಮನಿಗೆ ಗೊತ್ತಿತ್ತು. ಅವಳ ಅವ್ವನೂ ಅರ್ಧ ಕೌದಿ ಹೊದ್ದುಕೊಂಡೇ ಹೋಗಿದ್ದಳು. ಆದರೆ ಹೊಸ್ತಿಲಾಚೆ, ಚಪ್ಪಲಿಗಳ ನಡುವೆ, ಕೊರಳಲ್ಲಿ ಆಫೀಸಿನ ಕಾರ್ಡು ತೂಗುತ್ತಾ ಸುಹಾಸಿನಿ ನಿಂತಿದ್ದಳು. ಕೌದಿ ಅವಳದು. ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡ ತಾಯಿಯ ಏಳು ಸೀರೆಗಳು ಅದರಲ್ಲಿದ್ದವು. ಅವಳ ಬಳಿ ಉಳಿದಿದ್ದುದು ಅವೇ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೌದಿ ಒಯ್ಯಲು ಬಂದವಳಿಗೆ ಮೆಟ್ಟಿಲು ಹತ್ತಿದ ಮೇಲೆಯೇ ಸಾವು ತಿಳಿದದ್ದು. ಸಾವಿನ ಮನೆಯಲ್ಲಿ ಬಟ್ಟೆ ಕೊಡಿ ಎಂದು ಯಾರು ಕೇಳುತ್ತಾರೆ? ಅವಳು ಒಮ್ಮೆ ಕೌದಿಯನ್ನು, ಒಮ್ಮೆ ಸುಭದ್ರಾಳ ಮುಖವನ್ನು ನೋಡುತ್ತಿದ್ದಳು.

"ಅಣ್ಣಾರ, ನೀವರ ಹೇಳ್ರಿ," ಅಂದಳು ಸುಗಲಮ್ಮ.

ಗುಣವತಿಯ ಗಂಡ ಸೀತಾರಾಮ ಹೆಂಡತಿಯ ಕಾಲ ಬಳಿ ಕೂತಿದ್ದವನು ತಲೆ ಎತ್ತಲಿಲ್ಲ. "ನಡಸಾಕಿ ಇಲ್ಲಿ ಮಲಗ್ಯಾಳ. ಇನ್ನ ನಡಸವರು ಯಾರು?"

"ನಾ ನಡಸ್ತೀನ್ರಿ."

"ಎಂಟು ವರ್ಷ ಅದನ್ನ ಮುಟ್ಟಲಾರದಾಕಿ," ಸುಭದ್ರಾ ಬಾಗಿಲಿಗೆ ಬಂದು ನಿಂತಳು, "ಇವತ್ತ ಮುಟ್ತಿ? ಗಾಡಿ ಬರೂತನಕ ನೋಡ್ತೀನಿ. ಆಮ್ಯಾಲ ಒಂದು ಗಳಿಗಿ ನಿಲ್ಲಂಗಿಲ್ಲ."

*

ಮಷೀನು ಬರುವ ಮೊದಲು ಗುಣವತಿ, ಸುಗಲಮ್ಮ ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಕೈಯಲ್ಲೇ ಹೊಲಿಯುತ್ತಿದ್ದರು. ಒಂದು ಕೌದಿಗೆ ಎರಡು ತಿಂಗಳು. ಆಮೇಲೆ ಕಂಪ್ಯೂಟರ್ ಕಂಪನಿಯ ಹುಡುಗಿಯರು ಅವ್ವನ ಸೀರೆ, ಅಜ್ಜಿಯ ಸೀರೆ ಎಂದು ಗಂಟು ಹೊತ್ತು ಬರತೊಡಗಿದರು. ನಾಲ್ಕು ಕೈ ಸಾಲಲಿಲ್ಲ.

"ಬಾ ಸುಗಲಾ, ಹಿಡಿದು ನೋಡು," ಮಷೀನು ಕೂರಿಸಿದ ದಿನ ಗುಣವತಿ ಕರೆದಿದ್ದಳು. "ಅರಿವಿ ನಿಂತಲ್ಲೇ ಇರ್ತೈತಿ, ಸೂಜಿ ನಡೀತೈತಿ. ನಾವು ಅದರ ಹಿಂದ ನಡೆದರಾತು."

"ನಡ್ಯಾಕ ನನಗೇನು ವನವಾಸ ಐತೇನ್ರಿ? ಇದು ಕೌದಿ ಹೊಲ್ಯಂಗಿಲ್ಲ, ಡಾಂಬರ್ ರಸ್ತೆ ಹಾಕತೈತಿ."

ಗುಣವತಿ ನಕ್ಕಿದ್ದಳು. ಮಷೀನು ಬಂತು, ಇನ್ನು ಮುದುಕಿಯನ್ನು ಮನೆಗೆ ಕಳಿಸುತ್ತಾರೆ ಎಂಬ ಅಂಜಿಕೆ ಸುಗಲಮ್ಮನಿಗಿತ್ತು. ಆದರೆ ಅಂದಿನಿಂದ ಪ್ರತಿ ಕೌದಿಯೂ ಮೂರು ಮೂಲೆ ಮುಚ್ಚಿಕೊಂಡು, ನಾಲ್ಕನೆಯದನ್ನು ತೆರೆದುಕೊಂಡು ಸುಗಲಮ್ಮನ ತೊಡೆಗೆ ಬಂತು. ಅಲ್ಲಿ ಒಂದು ತುತ್ತು ಅನ್ನವನ್ನೋ ರೊಟ್ಟಿಯ ಚೂರನ್ನೋ ಇಟ್ಟು ಬಾಯಿ ಹೊಲಿಯಬೇಕು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ.

"ತುತ್ತು ನೀನ ಹಾಕವ್ವಾ. ನಾ ಹಾಕಿದ್ದು ಅದರ ಮೈಗೆ ಹತ್ತಂಗಿಲ್ಲ," ಅನ್ನುತ್ತಿದ್ದಳು ಗುಣವತಿ. ಅರ್ಧ ನಿಮಿಷದ ಆ ಕೆಲಸಕ್ಕಾಗಿ ಸುಗಲಮ್ಮ ಬರುವವರೆಗೆ ಗಿರಾಕಿಗಳನ್ನು ಚಹಾ ಕೊಟ್ಟು ಕೂರಿಸುತ್ತಿದ್ದಳು.

*

ಗುಂಡಿ ಒತ್ತಿದೊಡನೆ ಮಷೀನು ಗುಂಯ್ ಎಂದಿತು. ಒಳಗೆ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಸೂಜಿ ಸುಗಲಮ್ಮನ ಕೈ ಮೀರಿ ಓಡಿತು. ದಾರ ಒಂದೇ ಕಡೆ ಗಂಟುಗಟ್ಟಿ ಪಟ್ಟನೆ ಹರಿಯಿತು. ಪೋಣಿಸಿ ಹೊರಟರೆ ಮತ್ತೆ ಹರಿಯಿತು.

"ಸಾಕು ಬಿಡು," ಅಂದಳು ಸುಭದ್ರಾ. "ಸತ್ತಾಕಿ ಕೆಲಸ ಕೆಡಸಬ್ಯಾಡ."

ಚಪ್ಪಲಿ ಬಿಟ್ಟು ಸುಹಾಸಿನಿ ಒಳಗೆ ಬಂದಳು. "ಅಜ್ಜಿ, ಅಷ್ಟು ಗಟ್ಟಿಯಾಗಿ ಹಿಡೀಬೇಡಿ. ನಾನು ನೋಡಿದೀನಿ. ಆಂಟಿ ಸುಮ್ಮನೆ ಮುಟ್ಟಿಕೊಂಡು ನಡೀತಿದ್ರು."

ಸುಗಲಮ್ಮ ಹಿಡಿ ಸಡಿಲಿಸಿದಳು. ಒಂದು ಹೆಜ್ಜೆ ಇಟ್ಟಳು. ಸೂಜಿ ನಡೆಯಿತು. ಅರ್ಧ ಸಾಲು ಮುಗಿಯಿತು. ಕೊನೆಯ ಸಾಲಿನ ನಡುವೆ ಇದ್ದಾಗ ಕೆಳಗೆ ಗಾಡಿಯ ಹಾರ್ನ್ ಆಯಿತು.

"ಅಮ್ಮಾ, ಬಂಡಿ ವಚ್ಚಿಂದಿ," ಎಂದು ರೆಡ್ಡಿಯವರು ತೆಲುಗಿನಲ್ಲಿ ಮೆಲ್ಲಗೆ ಅಂದರು. ಪಾನಾ ಅವರ ಕೈಯಲ್ಲೇ ಇತ್ತು. ಸುಭದ್ರಾ ಬಾಯಿ ತೆರೆದಳು. ಒಳಗಿನಿಂದ ಸೀತಾರಾಮನ ದನಿ ಬಂತು: "ಮುಗಸಲಿ ತಡಿ, ಅಕ್ಕಾ."

ಸಾಲು ಮುಗಿಸಿ ಪಿನ್ನು ಕಿತ್ತು ಕೌದಿ ಇಳಿಸಿಕೊಂಡರು. ಗಂಡಸರು ಚೌಕಟ್ಟು ಬಿಚ್ಚುತ್ತಿದ್ದಂತೆ ಸುಗಲಮ್ಮ ಮೂಲೆಯಲ್ಲಿ ಕೂತು ಮೂರು ಮೂಲೆ ಮುಚ್ಚಿದಳು. ನಾಲ್ಕನೆಯದಕ್ಕೆ ಬಂದಾಗ ಅಡುಗೆಮನೆಯತ್ತ ನೋಡಿದಳು. ಹೆಣವಿರುವ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ.

ಸುಹಾಸಿನಿ ಬ್ಯಾಗಿನಿಂದ ಮಧ್ಯಾಹ್ನದ ಡಬ್ಬಿ ತೆಗೆದು ಚಪಾತಿಯ ಒಂದು ಚೂರು ಮುರಿದು ಕೊಟ್ಟಳು.

ಮಷೀನು ನಿಂತಿದ್ದರೂ ಸುಗಲಮ್ಮನ ಅಂಗೈ ಇನ್ನೂ ಗುಂಯ್‌ಗುಡುತ್ತಿತ್ತು. ಹೊಸ ದಾರ ಸೂಜಿಯ ಕಣ್ಣಿಗೆ ಸಿಗಲಿಲ್ಲ. ಎರಡು ಸಲ, ಮೂರು ಸಲ. ಸುಭದ್ರಾ ಪಕ್ಕದಲ್ಲಿ ಬಂದು ಕುಕ್ಕರಿಸಿದಳು. ಸೂಜಿ ಕಸಿದುಕೊಂಡು, ದಾರದ ತುದಿ ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

"ಲಗೂ ಮುಗಸು," ಅಂದಳು.

ಗುಣವತಿಯನ್ನು ನಡುಮನೆಗೆ ತಂದಾಗ ಸುಗಲಮ್ಮ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಎಲ್ಲರೂ ಎದ್ದರು. ಕೌದಿ ಸುಹಾಸಿನಿಯ ತೋಳಿಗೆ ಬಂತು. ಗುಣವತಿ ಹೊಲಿದ ಎಲೆಬಳ್ಳಿ ಒಂದೇ ಅಳತೆಯಲ್ಲಿ ಬಂದು, ಒಂದು ಎಲೆಯ ನಡುವೆ ನಿಂತಿತ್ತು. ಅಲ್ಲಿಂದ ಮುಂದೆ ಹೊಲಿಗೆ ಏಳುತ್ತಾ ಬೀಳುತ್ತಾ ಅಂಚಿನವರೆಗೆ ಹೋಗಿತ್ತು. ಸುಹಾಸಿನಿಯ ಬೆರಳು ಆ ಎಲೆಯ ಮೇಲೆಯೇ ಇತ್ತು. ಹೊರಗೆ ಮೆಟ್ಟಿಲ ತಿರುವಿನಲ್ಲಿ ಹೆಗಲು ಬದಲಿಸುವವರು, "ಸವಕಾಶ, ಸವಕಾಶ," ಅನ್ನುತ್ತಿದ್ದರು.