ಬೆಂಚಿನಿಂದ ಕೂಗಬೇಕಾದವಳು

ಆ ಜುಟ್ಟು, ಹುಡುಗಿ ಓಡಿದರೆ ಅದೂ ಕುಣಿಯುತ್ತದೆ, ನಿಂತರೆ ಅದೂ ನಿಲ್ಲುತ್ತದೆ, ಮೊನ್ನೆ ಮೊನ್ನೆ ತಂಡಕ್ಕೆ ಬಂದವಳ ಜುಟ್ಟಿಗೂ ಇಷ್ಟು ಜಂಬವೇ, ಕತ್ತರಿ ಸಿಕ್ಕಿದ್ದರೆ — ಛೆ, ಎಂಥ ಯೋಚನೆ, ಬೆಂಚಿನಲ್ಲಿ ಕೂತ ಇವಳು ಮಡಿಲಿನ ಟವೆಲ್ ಹಿಂಡಿದಳು, ಒಣ ಟವೆಲ್, ಬೆವರೇ ಹರಿಯದ ಮೇಲೆ ಅದು ಒದ್ದೆಯಾಗುವುದಾದರೂ ಹೇಗೆ, ವರ್ಷಗಟ್ಟಲೆ ಈ ಬಾಸ್ಕೆಟ್‌ಬಾಲ್ ತಂಡದ ಆಟ ನಡೆಸಿದವಳು ಈಗ ನೀರಿನ ಬಾಟಲಿಗಳಿಗೆ ಕಾವಲು. ಚೂಟಿ ಅಂತೆ ಹೆಸರು, ಜನ ಇಟ್ಟಿದ್ದು, ಚೂಟೀ ಚೂಟೀ ಅಂತ ಗಂಟಲು ಹರಿದುಕೊಳ್ಳುತ್ತಾರಲ್ಲ, ಹೋದ ಸಲ ಅಕ್ಕಾ ಅಕ್ಕಾ ಅಂದವರೂ ಇವರೇ ತಾನೆ, ಎಲುಬಿಲ್ಲದ ನಾಲಿಗೆ. ಆ ಎಡಗೈ ತಿರುವು ಕಲಿಸಿದ್ದು ಯಾರು, ಇವಳೇ, ಗಿಣಿಗೆ ಹೇಳಿದ ಹಾಗೆ ಹೇಳಿ, ಕೈ ಹಿಡಿದು ತಿದ್ದಿ, ಈಗ ನೋಡು, ಅದೇ ತಿರುವಿನಲ್ಲಿ ಚೆಂಡು ಬುಟ್ಟಿಗೆ ಹಾಕಿದಳು, ಕೋಚ್ ಚಪ್ಪಾಳೆ ತಟ್ಟುತ್ತಾರೆ, ತನಗೆ ಯಾವತ್ತು ತಟ್ಟಿದ್ದರು? ನಿನ್ನ ಮಂಡಿಗೆ ಸ್ವಲ್ಪ ರೆಸ್ಟ್ ಇರಲಮ್ಮ, ಅಂದರು ಬೆಳಿಗ್ಗೆ, ಮುಖ ನೋಡಲಿಲ್ಲ, ಮಂಡಿಗೇನಾಗಿದೆ ಸರ್, ಏನಾದ್ರೂ ಆಗೋಕೆ ಮುಂಚೆ ಅಂತ. ಈ ಸೀಸನ್ ಮುಗಿದರೆ ಒಪ್ಪಂದವೂ ಮುಗಿಯಿತು, ಇವತ್ತು ಕೋರ್ಟಿಗೆ ಇಳಿಯದಿದ್ದರೆ ಇನ್ನು ಯಾರು ಕರೆಯುತ್ತಾರೆ, ತಂಗಿ ಬೇರೆ ಫೋನಿನಲ್ಲಿ, ಸಾಕು ಬಿಡೇ ಅಕ್ಕ, ಆಡಿದ್ದು ಸಾಲದೇನೇ, ಅವಳಿಗೇನು ಗೊತ್ತು, ಸಾಲದು ಕಣೇ, ಸಾಲದು, ಹೊಟ್ಟೆ ಉರೀತಿದೆ ನಂಗೆ.

ಆ ಹುಡುಗಿಯೋ, ಆಟಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಲೇಸು ಬಿಗಿಯುತ್ತ ಅಂದಿದ್ದಳು, ಅಕ್ಕಾ, ನೀವು ಬೆಂಚಲ್ಲಿದ್ರೆ ನಂಗೆ ಭಯಾನೇ ಇಲ್ಲ, ಹಿಂದಿನಿಂದ ಯಾರಾದ್ರೂ ಅಡ್ಡ ಬಂದ್ರೆ ಕೂಗ್ತೀರಲ್ಲ — ಹೌದು, ಕೂಗಬೇಕು, ಚೆಂಡು ಹಿಡಿದವಳನ್ನು ತಡೆಯುತ್ತ ಹಿಂದಕ್ಕೆ ಸರಿಯುವವಳಿಗೆ ಬೆನ್ನಿನಲ್ಲಿ ಕಣ್ಣಿರುವುದಿಲ್ಲ, ಎದುರಾಳಿಗಳ ದಾಂಡಿಗಿತ್ತಿ ಬಂದು ಗೋಡೆಯ ಹಾಗೆ ಹಿಂದೆ ನಿಂತುಬಿಡುತ್ತಾಳೆ, ಅವಳು ನಿಂತ ಕಡೆ ನೋಡಿ ಬಲಕ್ಕೆ, ಎಡಕ್ಕೆ ಅಂತ ಯಾರಾದರೂ ಕೂಗಿದರೆ ಬಚಾವು, ಬುಟ್ಟಿಯ ಕೆಳಗೆ ಕಾಯುವ ತಮ್ಮ ತಂಡದ ಉದ್ದನೆಯ ಹುಡುಗಿ, ಆ ಕೊಕ್ಕರೆಗೋ ಬರೀ ಏದುಸಿರು, ಹಾಗಾಗಿ ಕೂಗುವ ಕೆಲಸ ಬೆಂಚಿನದು, ಬೆಂಚಿನಲ್ಲಿ ಇವಳದು, ಇವಳಷ್ಟು ದೊಡ್ಡ ಗಂಟಲು ತಂಡದಲ್ಲಿ ಇನ್ನೊಬ್ಬರಿಗಿಲ್ಲ. ಅಯ್ಯೋ, ಅಗೋ, ಬರುತ್ತಿದ್ದಾಳೆ ದಾಂಡಿಗಿತ್ತಿ, ಬಲಗಡೆ, ಚೂಟಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಾಳೆ, ಇಲ್ಲೇ, ಬೆಂಚಿನ ಮುಂದೆಯೇ, ಕಣ್ಣು ಚೆಂಡಿನ ಮೇಲೆ, ತಲೆ ಮಾತ್ರ ತುಸು ಈ ಕಡೆಗೆ ವಾಲಿಸಿ, ಕಿವಿ ಇವಳತ್ತ ಕೊಟ್ಟು — ಬಲಕ್ಕೆ, ಅನ್ನು, ಅಂದುಬಿಡು, ಒಂದೇ ಮಾತು, ನಾಲಿಗೆಯ ತುದಿಯಲ್ಲೇ ಇದೆ, ಇವಳು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಳು. ಧಡ್ ಅಂತ ಸದ್ದಾಯಿತು.

ಶಿಳ್ಳೆ, ಜನ ಎದ್ದು ನಿಂತರು, ಫಿಸಿಯೋ ಪೆಟ್ಟಿಗೆ ಹಿಡಿದು ಓಡಿದಳು, ಭುಜ ಜಾರಿದೆ, ಮುಟ್ಟಬೇಡಿ, ಯಾರೂ ಮುಟ್ಟಬೇಡಿ, ಕೋಚ್ ಹಿಂದೆ ತಿರುಗಿದರು, ಏನಮ್ಮ ನೋಡ್ತಿದೀಯ, ಇಳಿ, ಅಂತೂ ಬಂತು, ಬೇಕು ಬೇಕು ಅಂತಿದ್ದದ್ದು ಬಂತು, ಟವೆಲ್ ಬಿಸಾಕಿ ಎದ್ದಳು, ಮಂಡಿ ಒಂದು ಚೂರೂ ನೋಯಲಿಲ್ಲ, ಹಾಳಾದ್ದು. ಎದುರಿಗೇ ಚೂಟಿಯನ್ನು ನಡೆಸಿಕೊಂಡು ಬರುತ್ತಿದ್ದಾರೆ, ತುಟಿ ಬಿಳಿಚಿದೆ, ಬೈಯಲಿ, ಎಲ್ಲರ ಮುಂದೆ ಬೈಯಲಿ, ಆದರೆ ಆ ಹುಡುಗಿ ನೋವಿಲ್ಲದ ಕೈಯಿಂದ ಇವಳ ಮಣಿಕಟ್ಟು ಹಿಡಿದು, ಸಾರಿ ಅಕ್ಕಾ, ಈ ಗಲಾಟೇಲಿ ನೀವು ಕೂಗಿದ್ದು ನಂಗೆ ಕೇಳಿಸ್ಲೇ ಇಲ್ಲ, ಅಂದಳು. ಅಷ್ಟರಲ್ಲಿ ಆಕೆಯನ್ನು ಕರೆದೊಯ್ದರು, ಮೇಲಿನ ಗ್ಯಾಲರಿಯಿಂದ ಮತ್ತೆ ಅಕ್ಕಾ ಅಕ್ಕಾ ಅಂತ ಶುರುವಾಯಿತು, ಚೆಂಡು ಕೈಗೆ ಬಂತು, ಆಡು, ಏ ಆಡೇ, ಕೊಕ್ಕರೆ ಕಿರುಚುತ್ತಿದ್ದಾಳೆ, ಯಾರಿಗೆ ಕೊಡಲಿ, ಎಡಕ್ಕೋ, ಬಲಕ್ಕೋ, ಬಲಕ್ಕೆ — ಆ ವಾಲಿದ ತಲೆ, ಚೆಂಡು ನೆಲಕ್ಕೆ ಬಡಿದು ವಾಪಸು ಬಂತು, ಆ ತಲೆ, ತುಸು ವಾಲಿಸಿ, ಕಿವಿ ಇವಳತ್ತ ಕೊಟ್ಟು, ಕಾಯುತ್ತ